ಯಾದಗಿರಿ ಕೋಟೆಯಲ್ಲಿ ಸೂರ್ಯೋದಯದ ಫೋಟೊ: ಹಿಂದಿನ ಸಂಜೆಯೇ ಶುರು ಮಾಡಿ

ಸೂರ್ಯೋದಯದ ಒಳ್ಳೆಯ ಫೋಟೊ ಬೇಕಾದರೆ ಹಿಂದಿನ ದಿನ ಸಂಜೆ ಒಮ್ಮೆ ಗುಡ್ಡ ಹತ್ತಿ ಬನ್ನಿ. ಯಾದಗಿರಿ ಕೋಟೆಯಲ್ಲಂತೂ ಇದನ್ನು ಬಿಡಲೇಬಾರದು. ಊರಿನ ನಡುವೆಯೇ ಎದ್ದು ನಿಂತ ಕಲ್ಲುಗುಡ್ಡ ಅದು. ಮೆಟ್ಟಿಲು, ಬಂಡೆ, ಬಾಗಿಲು, ಬುರುಜು ಒಂದಾದ ಮೇಲೊಂದು ಬರುತ್ತವೆ. ಕತ್ತಲಲ್ಲೇ ಮೊದಲ ಸಲ ಹತ್ತಿದರೆ ದಾರಿ ಹುಡುಕುವಷ್ಟರಲ್ಲಿ ಬೆಳಕು ಹರಿದಿರುತ್ತದೆ.

ಬೆಳಗಿನ ಜಾವ ಒಳಗೆ ಬಿಡುತ್ತಾರಾ ಎಂದು ಕೆಳಗೇ ಕೇಳಿಕೊಳ್ಳಿ. ಹತ್ತುವಾಗ ಯಾವ ಮೆಟ್ಟಿಲು ಸವೆದಿದೆ, ಎಲ್ಲಿ ಕಲ್ಲು ಅಲುಗಾಡುತ್ತದೆ ನೋಡಿಡಿ. ಬಂಡೆಯ ಅಡಿ, ಗೋಡೆಯ ಮೂಲೆಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಜಾಗವನ್ನೇ ಬಿಟ್ಟುಬಿಡಿ. ಕತ್ತಲಲ್ಲಿ ಟಾರ್ಚ್ ಬೆಳಕು ಬಿದ್ದರೆ ಅವು ಏಳುತ್ತವೆ.

ಸೂರ್ಯ ಎಲ್ಲಿ ಹುಟ್ಟುತ್ತಾನೆ?

ಪೂರ್ವದಲ್ಲಿ ಎಂದರೆ ಸಾಲದು. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮೂಡುತ್ತಾನೆ. ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೆ. ಅಳೆಯುವುದು ಸುಲಭ. ಮೊಬೈಲ್‌ನ ದಿಕ್ಸೂಚಿಯಲ್ಲಿ ಪೂರ್ವ ನೋಡಿ, ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿಯ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಎಳ್ಳಮಾವಾಸ್ಯೆಯ ಆಚೀಚೆ ಹೋಗುವವರು ಪೂರ್ವದಿಂದ ಬಲಕ್ಕೆ ಎರಡೂವರೆ ಮುಷ್ಟಿ ಎಣಿಸಲಿ.

ಆ ದಿಕ್ಕಿಗೆ ಸರಿಯಾಗಿ ಮುಂದೆ ಏನಿರಬೇಕು ಎಂಬುದನ್ನು ಸಂಜೆಯೇ ಗಟ್ಟಿಮಾಡಿಕೊಳ್ಳಿ. ಬುರುಜಿನ ಅಂಚು, ಫಿರಂಗಿ, ಒಂಟಿ ಬಂಡೆ, ಹೊಂಡದ ನೀರು, ಯಾವುದಾದರೂ ಸರಿ. ಬರೀ ಕೆಂಪು ಸೂರ್ಯ ಎಲ್ಲ ಊರಲ್ಲೂ ಒಂದೇ ಥರ ಕಾಣುತ್ತಾನೆ, ಅಲ್ವಾ? ಯಾದಗಿರಿ ಎಂದು ಹೇಳುವುದು ಆ ಕಲ್ಲು, ಆ ಗೋಡೆ. ನಿಲ್ಲುವ ಜಾಗವನ್ನು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಬೆಳಗ್ಗೆ ತಡಕಾಡುವುದು ತಪ್ಪುತ್ತದೆ.

ಯಾವಾಗ ಹೋಗಬೇಕು?

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಧೂಳಿನ ಮಬ್ಬು ಜಾಸ್ತಿ. ಒಂದೂ ಮೋಡವಿಲ್ಲದ ಆಕಾಶಕ್ಕಿಂತ ಎತ್ತರದಲ್ಲಿ ತೆಳುವಾಗಿ ಮೋಡ ಹರಡಿದ ದಿನ ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಜನವರಿ ನಡುವೆ ಇಲ್ಲಿ ಸೂರ್ಯ ಮೂಡುವುದು 6.50 ದಾಟಿದ ಮೇಲೆ. ಮೇ ಕೊನೆಗೆ 5.45ರ ಸುಮಾರಿಗೆ. ಅದಕ್ಕೂ ಮುಕ್ಕಾಲು ಗಂಟೆ ಮೊದಲು ಮೇಲಿರಬೇಕು. ಒಬ್ಬರೇ ಹೋಗಬೇಡಿ, ಮನೆಯಲ್ಲಿ ಹೇಳಿ ಹೊರಡಿ. ಹಣೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡೂ ಕೈ ಖಾಲಿ ಇರುತ್ತವೆ. ಹಿಡಿತ ಇರುವ ಬೂಟು, ನೀರು, ಒಂದು ಸ್ವೆಟರ್ ಸಾಕು. ಕೂರುವ ಮೊದಲು, ಕೈ ಊರುವ ಮೊದಲು ಬಂಡೆ ಸಂದಿಗೆ ಬೆಳಕು ಹಾಕಿ ನೋಡಿ. ಹಾವು, ಚೇಳು ಇರುವ ಜಾಗ ಅದು.

ಮೇಲೆ ಹೋದ ಮೇಲೆ

ಮೊದಲ ಫೋಟೊಗೆ ಸೂರ್ಯ ಬೇಕಿಲ್ಲ. ಅವನು ಬರುವ ಅರ್ಧ ಗಂಟೆ ಮೊದಲು ಆಕಾಶ ನೀಲಿಯಾಗಿ, ಕೆಳಗೆ ಊರಿನ ದೀಪ ಇನ್ನೂ ಉರಿಯುತ್ತಿರುತ್ತವೆ. ಎರಡರ ಬೆಳಕೂ ಸಮನಾಗುವ ಹೊತ್ತು ಅದು. ಊರಿನ ನೆತ್ತಿಯ ಮೇಲೇ ನಿಂತು ಇದನ್ನು ತೆಗೆಯಬಹುದು. ಈ ಕೋಟೆಯ ದೊಡ್ಡ ಲಾಭ ಇದೇ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ, 100 ಇರಲಿ. ಲೆನ್ಸಿನ ಕಿಂಡಿಯ ಅಳತೆ ಎಫ್8. ಶಟರ್ ಕೆಲವು ಸೆಕೆಂಡ್ ತೆರೆದೇ ಇರುತ್ತದೆ. ಹಾಗಾಗಿ ಬೆರಳಿನಿಂದ ಒತ್ತದೆ ಎರಡು ಸೆಕೆಂಡಿನ ಟೈಮರ್ ಹಾಕಿ. ಕತ್ತಲಲ್ಲಿ ಫೋಕಸ್ ಸಿಗದಿದ್ದರೆ ದೂರದ ಬೀದಿ ದೀಪಕ್ಕೆ ಫೋಕಸ್ ಮಾಡಿ, ಆಮೇಲೆ ಮ್ಯಾನುಯಲ್‌ಗೆ ತಿರುಗಿಸಿ.

ಬಣ್ಣದ ಛಾಯೆ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಕ್ಯಾಮೆರಾ ಮುಂಜಾನೆಯ ಕೇಸರಿ ಬಣ್ಣವನ್ನು ತಪ್ಪೆಂದು ತಿಳಿದು ತೊಳೆದುಹಾಕುತ್ತದೆ. ಡೇಲೈಟ್‌ನಲ್ಲಿಡಿ. ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ ರಾ ಫೈಲ್ ಸಿಗುವುದಾದರೆ ಅದರಲ್ಲೇ ತೆಗೆಯಿರಿ.

ಸೂರ್ಯನ ಅಂಚು ಕಂಡ ಕ್ಷಣದಿಂದ ಪೂರ್ತಿ ಬಿಂಬ ಮೇಲೆ ಬರಲು ಎರಡು ನಿಮಿಷ ಚಿಲ್ಲರೆ ಸಾಕು. ಆಗ ಲೆನ್ಸ್ ಬದಲಿಸುತ್ತಾ ಕೂರಬೇಡಿ. ಎಫ್16 ಇಟ್ಟು, ಬುರುಜಿನ ಅಂಚಿನಿಂದ ಸೂರ್ಯ ಇಣುಕುವಂತೆ ಒಂದೆರಡು ಹೆಜ್ಜೆ ಜರುಗಿದರೆ ನಕ್ಷತ್ರದಂಥ ಕಿರಣ ಸಿಗುತ್ತದೆ. ಆದರೆ ಜರುಗುವಾಗ ಕಣ್ಣು ಕಾಲಿನ ಕಡೆ ಇರಲಿ. ಬೆಳಕು ಏರಿದ ಮೇಲೆ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಲೇಬಾರದು, ಪರದೆಯಲ್ಲಿ ನೋಡಿ.

ಮೊಬೈಲ್ ಇದ್ದವರು ಕಲ್ಲಿಗೆ ಒರಗಿಸಿ ಹಿಡಿಯಿರಿ. ಆಕಾಶದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಜೂಮ್ ಬೇಡ.

ಬಿಂಬ ಬಂದ ಕೂಡಲೇ ಎಲ್ಲರೂ ಬ್ಯಾಗ್ ಕಟ್ಟುತ್ತಾರೆ. ನೀವು ತಿರುಗಿ ಪಶ್ಚಿಮಕ್ಕೆ ನೋಡಿ. ಮುಂದಿನ ಇಪ್ಪತ್ತು ನಿಮಿಷ ಎಳೆಬಿಸಿಲು ಗೋಡೆಗೆ ಅಡ್ಡವಾಗಿ ಬಿದ್ದು ಒಂದೊಂದು ಕಲ್ಲಿನ ಸಂದೂ ಎದ್ದು ಕಾಣುತ್ತದೆ. ನನ್ನ ಮಟ್ಟಿಗೆ ಈ ಕೋಟೆಯ ಒಳ್ಳೆಯ ಫೋಟೊ ಸಿಗುವುದು ಆಗಲೇ. ಮನೆಗೆ ಬಂದು ಫೋಟೊ ಹಂಚುವಾಗ ಯಾದಗಿರಿ ಕೋಟೆ ಎಂದು ತಪ್ಪದೆ ಬರೆಯಿರಿ. ಈ ಬಂಡೆಗಳನ್ನು ನೋಡಿ ಸುಮ್ನೆ ಹಂಪಿ ಎಂದುಕೊಳ್ಳುವವರು ತುಂಬಾ ಇದ್ದಾರೆ.