‘ಪಾಲ್’ ಎಷ್ಟು ಪದ? ಚಿಕ್ಕ ಪದವೊಂದರ ಬೇರು ಹುಡುಕುವ ಬಗೆ

ಮೂರೇ ಧ್ವನಿಗಳ ಪದ ನಾಲ್ಕಾರು ಭಾಷೆಗಳಲ್ಲಿ ಸಿಕ್ಕಿತೆಂದರೆ ಎಲ್ಲಕ್ಕೂ ಒಂದೇ ಬೇರು ಎಂದುಬಿಡುವ ಆಸೆಯಾಗುತ್ತದೆ. ಪದ ಚಿಕ್ಕದಾದಷ್ಟೂ ಆಕಸ್ಮಿಕ ಹೋಲಿಕೆ ಹೆಚ್ಚು. ‘ಪಾಲ್’ ಪದವನ್ನೇ ಹಿಡಿದು ಹುಡುಕಾಟ ನಡೆಸಿದರೆ ಎಲ್ಲೆಲ್ಲಿ ಎಡವುತ್ತೇವೆ ಎಂಬುದು ಗೊತ್ತಾಗುತ್ತದೆ.

ಶುರು ಮಾಡಬೇಕಾದದ್ದು ಹಳಗನ್ನಡ ರೂಪದಿಂದ. ಪದದ ಮೊದಲಲ್ಲಿದ್ದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು: ಪೂ–ಹೂ, ಪುಲಿ–ಹುಲಿ, ಪಕ್ಕಿ–ಹಕ್ಕಿ. ಹಾಗಾಗಿ ಇಂದಿನ ‘ಹಾಲು’ ಅಂದಿನ ‘ಪಾಲ್’. ಕಿಟೆಲ್ ನಿಘಂಟನ್ನಾಗಲಿ (1894) ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನಾಗಲಿ ತೆರೆದಾಗ ಪ ಮತ್ತು ಹ ಎರಡೂ ಕಡೆ ನೋಡಿ. ಒಂದೇ ಕಡೆ ನೋಡಿ ಮುಚ್ಚಿಟ್ಟರೆ ಅರ್ಧ ಸಾಮಗ್ರಿ ತಪ್ಪಿಹೋಗುತ್ತದೆ.

ಆದರೆ ಎಲ್ಲ ಪಕಾರವೂ ಹೋಗಲಿಲ್ಲ. ಭಾಗ ಎಂಬ ಅರ್ಥದ ‘ಪಾಲು’ ಹಾಗೇ ಉಳಿದಿದೆ. ಪಾಲ್ಗೊಳ್ಳು, ಪಾಲುದಾರ ಎರಡರಲ್ಲೂ ಇರುವುದು ಇದೇ. (ಪಾಲುದಾರನ ‘ದಾರ’ ಪಾರಸಿಯಿಂದ ಬಂದದ್ದು.) ‘ತನ್ನ ಪಾಡಿಗೆ’ ಎಂಬಲ್ಲಿಯ ಪಾಡು ಉಳಿದು, ಗಾನದ ಪಾಡು ‘ಹಾಡು’ ಆದದ್ದೂ ಇಂಥದ್ದೇ. ಅಂದಮೇಲೆ ಹಳಗನ್ನಡದ ಓಲೆಯಲ್ಲಿ ಬರಿಯ ‘ಪಾಲ್’ ಕಂಡರೆ ಅದು ಹಾಲೋ ಭಾಗವೋ ಎಂಬುದನ್ನು ಸುತ್ತಲಿನ ವಾಕ್ಯವೇ ಹೇಳಬೇಕು. ‘ಪಾಲ್ಗಡಲ್’ ಎಂದಿದ್ದರೆ ಅನುಮಾನವಿಲ್ಲ, ಅದು ಹಾಲುಗಡಲೇ.

ಇಲ್ಲಿ ‘ಹಾಳು’ ಪದವನ್ನು ಹತ್ತಿರ ಸೇರಿಸಬೇಡಿ. ಲಕಾರ–ಳಕಾರ ವ್ಯತ್ಯಾಸ ಮಾಡದೆ ಆಡುವವರ ಬಾಯಲ್ಲಿ ಹಾಲು, ಹಾಳು ಒಂದೇ ಆಗಿ ಕೇಳಿಸಬಹುದು. ಹಳಗನ್ನಡದಲ್ಲಿ ಹಾಳು ‘ಪಾೞ್’, ಅದರ ಕೊನೆಯ ೞ ಈಗ ಬಳಕೆಯಲ್ಲಿಲ್ಲದ ಬೇರೆಯೇ ಅಕ್ಷರ. ಇದಕ್ಕೆ ಸಾಕ್ಷಿ ನೆರೆಭಾಷೆಯಲ್ಲಿದೆ. ತಮಿಳಿನಲ್ಲಿ ಇಂದಿಗೂ ‘ಪಾೞ್’, ತೆಲುಗಿನಲ್ಲಿ ‘ಪಾಡು’. ಕನ್ನಡದ ಏಳಕ್ಕೆ ತೆಲುಗಿನಲ್ಲಿ ‘ಏಡು’, ಕೋಳಿಗೆ ‘ಕೋಡಿ’. ಹಳೆಯ ೞಕಾರಕ್ಕೆ ಎದುರಾಗಿ ತೆಲುಗಿನಲ್ಲಿ ಡಕಾರ ಹೀಗೆ ಮತ್ತೆ ಮತ್ತೆ ಬರುತ್ತದೆ. ಸಂಬಂಧಕ್ಕೆ ಪುರಾವೆ ಎಂದರೆ ಇದೇ: ಎರಡು ಪದ ಹೋಲುವುದಲ್ಲ, ಒಂದೇ ಬದಲಾವಣೆ ಕನಿಷ್ಠ ಮೂರು ಜೋಡಿಗಳಲ್ಲಾದರೂ ಕಾಣುವುದು.

ಮುಂದೆ ನೆರೆಭಾಷೆಗಳ ರೂಪಗಳನ್ನು ವ್ಯಾಕರಣದ ಸಮೇತ ಬರೆದುಕೊಳ್ಳಿ. ತೆಲುಗಿನ ‘ಪಾಲು’ ಹಾಲೂ ಹೌದು, ಭಾಗವೂ ಹೌದು. ಹಾಲಾದರೆ ಅದು ಬಹುವಚನ, ಕ್ರಿಯಾಪದವೂ ಬಹುವಚನದಲ್ಲೇ ಬರುತ್ತದೆ, ಭಾಗವಾದರೆ ಏಕವಚನ. ಅರ್ಥ ಹೊಳೆಯದಿದ್ದಾಗ ಕ್ರಿಯಾಪದ ನೋಡಿದರೆ ಸಾಕು. ತಮಿಳಿನ ‘ಪಾಲ್’ ಇನ್ನೂ ವಿಸ್ತಾರ: ಹಾಲು, ಭಾಗ, ಜತೆಗೆ ವ್ಯಾಕರಣದ ಲಿಂಗ (ಆಣ್‌ಪಾಲ್, ಪೆಣ್‌ಪಾಲ್). ತಿರುಕ್ಕುರಳಿನ ಮೂರು ಭಾಗಗಳ ಹೆಸರು ಮುಗಿಯುವುದೂ ‘ಪಾಲ್’ ಎಂದೇ. ತಮಿಳು ಸಮಾಸಗಳಲ್ಲಿ ಹುಡುಕುವಾಗ ಲಕಾರ ಮಾಯವಾಗಿರಬಹುದು ಎಂಬುದು ನೆನಪಿರಲಿ: ಹಾಲುಗಡಲು ಅಲ್ಲಿ ‘ಪಾಱ್ಕಡಲ್’. ತುಳುವಿನಲ್ಲಿ ಹಾಲಿಗೆ ‘ಪೇರ್’. ಸ್ವರವೂ ಬೇರೆ, ಕೊನೆಯ ವ್ಯಂಜನವೂ ಬೇರೆ. ಒಂದೇ ಎನ್ನುವ ಮೊದಲು ತುಳುವಿನ ಬೇರೆ ಪದಗಳಲ್ಲೂ ಇದೇ ಬದಲಾವಣೆ ಇದೆಯೇ ಎಂದು ಹುಡುಕಿ.

ಈ ಹಂತದಲ್ಲಿ ಬರೋ–ಎಮನೋ ಅವರ ದ್ರಾವಿಡ ಪದಮೂಲ ನಿಘಂಟಿನ 1984ರ ಆವೃತ್ತಿ ಬೇಕೇ ಬೇಕು. ಶಿಕಾಗೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಅದನ್ನೂ ಟರ್ನರ್ ಅವರ ಇಂಡೋ-ಆರ್ಯನ್ (ಸಂಸ್ಕೃತ ಮತ್ತು ಅದರ ಬಳಗದ ಭಾಷೆಗಳ) ನಿಘಂಟನ್ನೂ ಉಚಿತವಾಗಿ ನೋಡಬಹುದು. ಎರಡನ್ನೂ ತೆರೆದಿಟ್ಟುಕೊಳ್ಳಿ, ಏಕೆಂದರೆ ಗೋಪಾಲ, ರಾಜ್ಯಪಾಲ, ಪಾಲಿಸು ಇವುಗಳ ‘ಪಾಲ’ ಸಂಸ್ಕೃತದ್ದು, ‘ಪಾ’ (ಕಾಪಾಡು) ಧಾತುವಿನದು. ಗೋಪಾಲನಲ್ಲಿ ಹಸುವಿನ ಹಾಲು ಕಾಣುವುದು ಚೆಂದದ ಕಲ್ಪನೆ, ಅಷ್ಟೇ. ತಮಿಳಿನಲ್ಲಿ ಭಾಗಮಾಡು ಎಂಬರ್ಥದ ‘ಪಗು’ ಇದೆಯೆಂದು ಅದನ್ನು ಸಂಸ್ಕೃತದ ‘ಭಾಗ’ಕ್ಕೆ ಕಟ್ಟುವುದೂ ಬೇಡ, ಭಾಗ ಬಂದದ್ದು ‘ಭಜ್’ ಧಾತುವಿನಿಂದ.

ತೀರಾ ದೂರದ್ದೆನಿಸುವ ಪದ ಕೆಲವೊಮ್ಮೆ ಅನಿರೀಕ್ಷಿತ ನಂಟು ತೋರಿಸುತ್ತದೆ. ಗೆಳೆಯ ಎಂಬರ್ಥದ ಇಂಗ್ಲಿಷಿನ ‘ಪ್ಯಾಲ್’ ಇಂಗ್ಲೆಂಡಿನ ರೊಮಾನಿ ಜನರ (ಭಾರತ ಮೂಲದ ಅಲೆಮಾರಿ ಸಮುದಾಯ) ನುಡಿಯಿಂದ 17ನೇ ಶತಮಾನದಲ್ಲಿ ಬಂದದ್ದು. ಅಲ್ಲಿ ಅದರರ್ಥ ಅಣ್ಣ ಅಥವಾ ತಮ್ಮ. ಯೂರೋಪಿನ ಉಳಿದೆಡೆಯ ರೊಮಾನಿಯಲ್ಲಿ ‘ಫ್ರಲ್’, ಮೂಲ ಸಂಸ್ಕೃತದ ‘ಭ್ರಾತೃ’. ನಂಬಬಹುದೇ? ಮೂರು ಜೋಡಿಯ ಪರೀಕ್ಷೆ ಇಲ್ಲೂ ನಡೆಸಿ: ಭಗಿನೀ ‘ಫೆನ್’ (ಸೋದರಿ) ಆಗಿದೆ, ಭೂಮಿ ‘ಫುವ್’ ಆಗಿದೆ, ಧೂಮ ‘ಥುವ್’ ಆಗಿದೆ. ಘೋಷ ಮಹಾಪ್ರಾಣಗಳು (ಭ, ಧ) ಅಘೋಷವಾಗುವುದು (ಫ, ಥ) ರೊಮಾನಿಯ ನಿಯಮ. (ಇಲ್ಲಿ ಫಕಾರವನ್ನು ಮಹಾಪ್ರಾಣವಾಗಿಯೇ ಓದಿ.) ಇಂಗ್ಲಿಷಿನ ಬ್ರದರ್ ಪದವೂ ಭ್ರಾತೃವಿನ ದಾಯಾದಿಯೇ. ಒಂದೇ ಬೇರಿನ ಎರಡು ಪದ ಎರಡು ದಾರಿಯಿಂದ ಒಂದೇ ಭಾಷೆಗೆ ಸೇರಿವೆ, ಹೋಲಿಕೆ ಮಾತ್ರ ಹೆಚ್ಚೇನೂ ಉಳಿದಿಲ್ಲ.

ಕೊನೆಯದಾಗಿ ಲಿಪಿಯ ಕಾಟ. ಕ್ರೈಸ್ತರ ಹೆಸರಾದ ಪಾಲ್ (ಲ್ಯಾಟಿನ್ನಿನ ಪೌಲುಸ್, ‘ಚಿಕ್ಕವ’) ಮತ್ತು ಬಂಗಾಳದ ಕುಲನಾಮ ಪಾಲ್ ಕನ್ನಡದಲ್ಲಿ ಒಂದೇ ಬರಹ. ಪಟ್ಟಿ ಮಾಡುವಾಗ ಪ್ರತಿ ಪದದ ಪಕ್ಕದಲ್ಲಿ ಭಾಷೆ, ಅಲ್ಲಿಯ ಉಚ್ಚಾರ, ಸಿಕ್ಕ ಅತಿ ಹಳೆಯ ರೂಪ ಮೂರನ್ನೂ ಬರೆಯಿರಿ. ಮೂರನೆಯದು ಖಾಲಿ ಇರುವ ಪದವನ್ನು ಸದ್ಯಕ್ಕೆ ಯಾವ ಗುಂಪಿಗೂ ಸೇರಿಸದೆ ಬಿಡಿ.