ಲಂಡನ್ ನೋಡಬೇಕೆ? ದಕ್ಷಿಣ ದಂಡೆ ಹಿಡಿಯಿರಿ

ಮಗನ ಮನೆಗೋ ಮಗಳ ಮನೆಗೋ ಎಂದು ಲಂಡನ್ನಿಗೆ ಹೋದ ನಮ್ಮವರು ಊರು ನೋಡುವ ಪರಿ ನೋಡಿದರೆ ಮರುಕವಾಗುತ್ತದೆ. ಟ್ಯೂಬ್ ರೈಲಿಗೆಂದು ನೆಲದಡಿ ಇಳಿಯುವುದು, ಎದ್ದು ಬಂದು ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳುವುದು, ಮತ್ತೆ ಇಳಿಯುವುದು. ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಮುನ್ನೂರು ಮೀಟರ್ ಕೂಡ ಇಲ್ಲ, ಅದಕ್ಕೂ ರೈಲು! ಇದನ್ನೆಲ್ಲ ಬಿಟ್ಟು ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ಸುಮಾರು ಆರು ಕಿಲೋಮೀಟರ್ ನಡೆಯಿರಿ.

ಸಿದ್ಧತೆ ಇಷ್ಟೇ: ಸವೆದು ಕಾಲಿಗೆ ಒಗ್ಗಿದ ಶೂ, ನೀರಿನ ಬಾಟಲಿ, ಟೊಪ್ಪಿಗೆಯಿರುವ ಮಳೆಕೋಟು. ಪ್ರಯಾಣಕ್ಕೆಂದೇ ಹೊಸ ಶೂ ಕೊಂಡವರು ಅರ್ಧ ದಾರಿಯಲ್ಲೇ ಬೆಂಚು ಹುಡುಕುತ್ತಾರೆ. ಸೇತುವೆಗಳ ಮೇಲಿನ ಗಾಳಿಗೆ ಕೊಡೆ ತಿರುಗಿಕೊಳ್ಳುತ್ತದೆ. ಸ್ಮರಣಿಕೆ ಅಂಗಡಿಯ ತೆಳು ಪ್ಲಾಸ್ಟಿಕ್ ಕೋಟು ಮೊದಲ ಗುಂಡಿ ಹಾಕುವಾಗಲೇ ಹರಿಯುತ್ತದೆ. ಮೊಬೈಲನ್ನು ರಸ್ತೆಯಂಚಿನಲ್ಲಿ ಹಿಡಿದು ನಿಲ್ಲಬೇಡಿ, ಸೈಕಲ್ಲಿನಲ್ಲಿ ಬಂದು ಕಸಿಯುವವರಿದ್ದಾರೆ. ದಾರಿಯನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಬೆಳಿಗ್ಗೆ ಹತ್ತರೊಳಗೆ ವಾಕ್ಸ್‌ಹಾಲ್ ನಿಲ್ದಾಣದಲ್ಲಿ ಇಳಿದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಬನ್ನಿ. ಅಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಹತ್ತರೊಳಗೆ ಎಂದದ್ದಕ್ಕೂ ಕಾರಣವಿದೆ. ಬೆಳಗಿನ ಬಿಸಿಲು ಎದುರು ದಡದ ಸಂಸತ್ ಭವನದ ಮುಖಕ್ಕೆ ನೇರ ಬೀಳುತ್ತದೆ; ಮಧ್ಯಾಹ್ನದ ಮೇಲೆ ಹೋದವರಿಗೆ ಸಿಗುವುದು ಬರೀ ಕಪ್ಪು ಆಕೃತಿ. ದಾರಿಯ ಗೋಡೆಯ ಮೇಲೆ ಕೋವಿಡ್‌ನಿಂದ ಸತ್ತವರಿಗಾಗಿ ಒಬ್ಬೊಬ್ಬರಿಗೆ ಒಂದರಂತೆ ಕೈಯಲ್ಲಿ ಬರೆದ ಕೆಂಪು ಹೃದಯಗಳಿವೆ. ಕೆಲವು ಬಿಸಿಲಿಗೆ ಮಾಸಿ ಗುಲಾಬಿಯಾಗಿವೆ. ಹೆಸರುಗಳನ್ನು ಓದುತ್ತ ನಿಧಾನವಾಗಿ ನಡೆಯಿರಿ.

ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಬೇಡಿ. ಲಂಡನ್ ಐ ಚಕ್ರದ ಸಾಲಿನಲ್ಲೂ ನಿಲ್ಲಬೇಡಿ, ಆ ಹೊತ್ತಿನಲ್ಲಿ ವಾಟರ್‌ಲೂ ಸೇತುವೆಯಡಿಯ ಹಳೆಯ ಪುಸ್ತಕಗಳನ್ನು ತಿರುವಿ ಹಾಕಬಹುದು. ಅಲ್ಲಿಂದ ಟೇಟ್ ಮಾಡರ್ನ್‌ವರೆಗೆ ನೇರ ದಾರಿ. ಹಿಂದೆ ವಿದ್ಯುತ್ ಸ್ಥಾವರವಾಗಿದ್ದ ಈ ಕಲಾ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ, ಶೌಚಾಲಯವೂ ಉಚಿತ. ಎದುರಿನ ಮಿಲೇನಿಯಂ ಸೇತುವೆಯ ನಡುವಿಗೆ ಹೋಗಿ ಆಚೆ ದಡದ ಸೇಂಟ್ ಪಾಲ್ಸ್ ಚರ್ಚು ನೋಡಿ ಹಿಂದಿರುಗಿ. 2000ದಲ್ಲಿ ತೆರೆದಾಗ ಜನರ ಹೆಜ್ಜೆಗೆ ಈ ಸೇತುವೆ ತೊಟ್ಟಿಲಂತೆ ತೂಗಿ, ಎರಡೇ ದಿನಕ್ಕೆ ಮುಚ್ಚಿತ್ತು. ಈಗ ಅಲುಗುವುದಿಲ್ಲ.

ಎಲ್ಲರೂ ಎಡವುವುದು ಇನ್ನು ಮುಂದೆ. ಗ್ಲೋಬ್ ರಂಗಮಂದಿರ ಕಳೆದು ಸದರ್ಕ್ ಸೇತುವೆಯಡಿ ನುಸುಳಿ, ಆಂಕರ್ ಎಂಬ ಹಳೆಯ ಪಬ್ ದಾಟಿದೊಡನೆ ನದಿ ಕಟ್ಟಡಗಳ ಹಿಂದೆ ಮರೆಯಾಗುತ್ತದೆ. ದಾರಿ ಮುಗಿಯಿತೆಂದು ಜನ ಇಲ್ಲಿಂದಲೇ ಟ್ಯಾಕ್ಸಿ ಕರೆಯುತ್ತಾರೆ. ಮುಗಿದಿಲ್ಲ. ರೈಲು ಸೇತುವೆಯ ಕಮಾನಿನಡಿ ಹಾದು ಕ್ಲಿಂಕ್ ಸ್ಟ್ರೀಟ್ ಎಂಬ ಇಕ್ಕಟ್ಟಾದ ಓಣಿಗೆ ಬನ್ನಿ. ಹಗಲಲ್ಲೂ ಅರೆಗತ್ತಲು. ಬಲಕ್ಕೆ ವಿಂಚೆಸ್ಟರ್ ಬಿಷಪ್ಪರ ಅರಮನೆಯ ಮುರಿದ ಗೋಡೆ, ಅದರ ನೆತ್ತಿಯಲ್ಲಿ ದುಂಡು ಕಲ್ಲಿನ ಕಿಟಕಿ ಕಂಡರೆ ದಾರಿ ಸರಿಯಿದೆ. ಮುಂದೆ ಗೋಲ್ಡನ್ ಹೈಂಡ್ ಹಡಗಿನ ಪ್ರತಿಕೃತಿ, ಅದರಾಚೆ ಸದರ್ಕ್ ಕೆಥೆಡ್ರಲ್ ಎಂಬ ದೊಡ್ಡ ಚರ್ಚು. ಹಸಿವಾಗಿದ್ದರೆ ಪಕ್ಕದ ಬರೋ ಮಾರ್ಕೆಟ್‌ಗೆ ಹೊಕ್ಕು ಬನ್ನಿ (ಸೋಮವಾರ ಇರುವುದಿಲ್ಲ). ಕೆಥೆಡ್ರಲ್ ಮತ್ತು ನದಿಯ ನಡುವಿನ ಮಾಂಟೇಗ್ ಕ್ಲೋಸ್ ರಸ್ತೆ ಲಂಡನ್ ಬ್ರಿಜ್‌ನ ಕೆಳಗೇ ಹಾದು ಟೂಲಿ ಸ್ಟ್ರೀಟ್ ಸೇರುತ್ತದೆ. ಮೆಟ್ಟಿಲು ಹತ್ತಿ ಸೇತುವೆಯ ಮೇಲೆ ಹೋದಿರೋ, ಕೆಟ್ಟಿರಿ. ಟೂಲಿ ಸ್ಟ್ರೀಟ್‌ನಲ್ಲಿ ಸ್ವಲ್ಪ ನಡೆದು, ಎಡಕ್ಕೆ ಗಾಜಿನ ಚಾವಣಿಯ ಹೇಸ್ ಗ್ಯಾಲರಿಯಾದೊಳಗೆ ಹಾಯ್ದರೆ ನದಿ ಮತ್ತೆ ಸಿಗುತ್ತದೆ.

ಮುಂದೆ ಬೆಲ್‌ಫಾಸ್ಟ್ ಯುದ್ಧನೌಕೆ, ನಂತರ 1894ರ ಟವರ್ ಬ್ರಿಜ್. ಚಿತ್ರಗಳಲ್ಲಿ ನೋಡಿ ಬಹುಮಂದಿ ಲಂಡನ್ ಬ್ರಿಜ್ ಎಂದುಕೊಂಡಿರುವುದು ಇದನ್ನೇ. ಈ ಹೊತ್ತಿಗೆ ಬಿಸಿಲು ಬೆನ್ನ ಹಿಂದೆ ಬಂದಿರುತ್ತದೆ, ಫೋಟೊ ಈಗ ತೆಗೆಯಿರಿ. ಮರಳಲು ಎರಡು ಮಹಡಿಯ ಬಸ್ಸೇ ಸರಿ. ಅದರಲ್ಲಿ ನಗದು ನಡೆಯುವುದಿಲ್ಲ, ಕಾರ್ಡ್ ಕೈಯಲ್ಲಿರಲಿ.