ಬೆಳಗಿನ ‘ಟಿಕ್ ಟಿಕ್’ ಸದ್ದು: ಟರ್ಬೊ ಕಾರಿನ ಮ್ಯಾನಿಫೋಲ್ಡ್ ಬಿರುಕನ್ನು ಪತ್ತೆ ಮಾಡುವುದು ಹೇಗೆ?

ರಾತ್ರಿಯಿಡೀ ನಿಂತಿದ್ದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಅದೇ ಲಯದಲ್ಲಿ ಚುರುಕಾಗುತ್ತದೆ. ಹತ್ತು ನಿಮಿಷ ಓಡಿಸಿದ ಮೇಲೆ ತಾನಾಗಿಯೇ ನಿಂತುಹೋಗುತ್ತದೆ. ಎಂಜಿನ್ ವಾಲ್ವುಗಳನ್ನು ತಳ್ಳುವ ಟ್ಯಾಪೆಟ್‌ನ ಸದ್ದಿರಬೇಕು ಎಂದುಕೊಂಡು ಬಹಳ ಜನ ಸುಮ್ಮನಾಗುತ್ತಾರೆ. ನಾನೂ ಸುಮ್ಮನಾಗಿದ್ದೆ. ನನ್ನದು ರೀಮ್ಯಾಪ್ ಮಾಡಿಸಿದ, ಎಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿದ, ಸಣ್ಣ ಟರ್ಬೊ ಪೆಟ್ರೋಲ್ ಕಾರು. ಒಂದು ಮಧ್ಯಾಹ್ನ ಚಿತ್ರದುರ್ಗದಿಂದ ದಾವಣಗೆರೆಗೆ ಕಿಟಕಿ ಏರಿಸಿ, ಎ.ಸಿ. ಹಾಕಿಕೊಂಡು ಹೊರಟವನಿಗೆ ಭರಮಸಾಗರ ದಾಟುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಹಿಂದಿನ ಸೀಟಿನಲ್ಲಿದ್ದ ಮಗಳು ಹೊಟ್ಟೆ ತೊಳಸುತ್ತಿದೆ ಎಂದಳು. ಆನಗೋಡಿನ ಬಳಿ ಕಾರು ನಿಲ್ಲಿಸಿ, ಮರದ ನೆರಳಿನಲ್ಲಿ ಅರ್ಧ ಗಂಟೆ ಕುಳಿತ ಮೇಲೆ ಇಬ್ಬರಿಗೂ ಹಗುರಾಯಿತು. ಬಿಸಿಲಿನ ಕಾಟ ಎಂದುಕೊಂಡೆವು. ಮರುದಿನ ಗ್ಯಾರೇಜಿನಲ್ಲಿ ಮ್ಯಾನಿಫೋಲ್ಡಿನ ಮೇಲಿನ ಶಾಖತಡೆ ತಗಡನ್ನು ಬಿಚ್ಚಿದಾಗ, ಎರಡು ಕೊಳವೆಗಳು ಕೂಡುವ ಸಂದಿನಲ್ಲಿ ಕೂದಲೆಳೆಯಂತಹ ಸೀಳೊಂದು ಕಂಡಿತು. ಅದರ ಎದುರಿಗಿದ್ದ ತಗಡಿನ ಮೇಲೆ ಕಾಡಿಗೆ ತೀಡಿದಂತೆ ಒಂದು ಕಪ್ಪು ಗೆರೆ ಮೂಡಿತ್ತು.

ಎಂಜಿನ್ನಿನ ಪ್ರತಿ ಸಿಲಿಂಡರಿನಿಂದ ಹೊರಬೀಳುವ ಸುಟ್ಟ ಅನಿಲವನ್ನು ಒಟ್ಟುಗೂಡಿಸಿ ಟರ್ಬೊದ ಟರ್ಬೈನ್ ಚಕ್ರಕ್ಕೆ ಒಪ್ಪಿಸುವ ಕವಲುಕೊಳವೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಆ ಅನಿಲದ ಬಲದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದು ಟರ್ಬೊ. ಪೆಟ್ರೋಲ್ ಟರ್ಬೊ ಎಂಜಿನ್ ಪೂರ್ಣ ಭಾರದಲ್ಲಿ ದುಡಿಯುವಾಗ ಇದರೊಳಗೆ ಹಾಯುವ ಅನಿಲದ ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಇದನ್ನು ಕಚ್ಚಿ ಹಿಡಿದಿರುವ ಸಿಲಿಂಡರ್ ಹೆಡ್ಡಿನ ಲೋಹವಾದ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಆದುದರಿಂದ ಹೆಡ್ಡನ್ನು ಕೂಲೆಂಟ್ ನೀರು ಸದಾ ತಂಪಾಗಿಡುತ್ತಿರುತ್ತದೆ. ಒಂದು ಕಡೆ ಕೆಂಡ, ಪಕ್ಕದಲ್ಲೇ ತಂಪು. ಈ ಎರಡರ ನಡುವಿನ ಎಳೆದಾಟವನ್ನು ಮ್ಯಾನಿಫೋಲ್ಡ್ ಒಂದೇ ಸಹಿಸಬೇಕು. 40 ಸೆಂಟಿಮೀಟರ್ ಉದ್ದದ ಬೀಡಿನ (ಎರಕದ ಕಬ್ಬಿಣದ) ತುಂಡು 800 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಆದರೆ 6 ಮಿಲಿಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಎರಡೂ ಬದಿ ಬೋಲ್ಟು ಬಿಗಿದು ಹಿಗ್ಗಲು ಜಾಗ ಕೊಡದಿದ್ದರೆ ಲೋಹ ಒಳಗೊಳಗೇ ನಲುಗುತ್ತದೆ, ತಣ್ಣಗಾಗುವಾಗ ಸೀಳುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದಿನವೂ ಕಾದು ದಿನವೂ ಆರುವ ಬಾಣಲೆಯನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಂಪನಿಯಿಂದ ಬಂದ ಮ್ಯಾನಿಫೋಲ್ಡೂ ಒಡೆಯುತ್ತದೆ, ಆದರೆ ಮಾರ್ಪಡಿಸಿದ ಕಾರಿನಲ್ಲಿ ಅದು ಒಡೆಯಲು ಕಾರಣಗಳು ಹೆಚ್ಚು. ಕೊಳವೆಗಳನ್ನು ಬೆಸೆದು ಮಾಡಿದ ತೆಳು ಸ್ಟೀಲ್ ಮ್ಯಾನಿಫೋಲ್ಡಿಗೆ ಮೊದಲಿಗಿಂತ ದೊಡ್ಡ ಟರ್ಬೊವನ್ನು ಆಸರೆಯಿಲ್ಲದೆ ನೇತುಹಾಕಿದರೆ, ಎಂಜಿನ್ನಿನ ಪ್ರತಿ ನಡುಕಕ್ಕೂ ಆ ಭಾರ ಬೆಸುಗೆಯನ್ನು ಜಗ್ಗುತ್ತದೆ. ರೀಮ್ಯಾಪ್‌ನ ವಿಚಾರದಲ್ಲಿ ಪೆಟ್ರೋಲ್, ಡೀಸೆಲ್‌ಗಳ ಸ್ವಭಾವ ಬೇರೆ ಬೇರೆ: ಭಾರದಲ್ಲಿರುವ ಪೆಟ್ರೋಲ್ ಎಂಜಿನ್ನಿಗೆ ಇಂಧನ ಕಡಿಮೆಯಾದರೆ ಅಥವಾ ಕಿಡಿ ತಡವಾಗಿ ಹಾರಿದರೆ ಎಕ್ಸಾಸ್ಟ್ ಕಾವೇರುತ್ತದೆ, ಡೀಸೆಲ್ಲಿನಲ್ಲಿ ಇಂಧನ ಹೆಚ್ಚಾದಷ್ಟೂ ಕಾವೇರುತ್ತದೆ. ಹೆದ್ದಾರಿ 48ರ ಏರಿನಲ್ಲಿ ಕಪ್ಪು ಹೊಗೆ ಉಗುಳುತ್ತಾ ಓಡುವ ಡೀಸೆಲ್ ಕಾರನ್ನು ಶಕ್ತಿಯ ಗುರುತೆಂದು ಮೆಚ್ಚುವವರಿದ್ದಾರೆ, ಅದು ಮ್ಯಾನಿಫೋಲ್ಡ್ ಬೇಯುತ್ತಿರುವ ಗುರುತು.

ಬಿರುಕಿನಿಂದ ಏನೇನು ಆಗಬಹುದು ಎಂಬುದರಲ್ಲಿ ಮೊದಲು ಹೇಳಬೇಕಾದುದು ಕಾರ್ಬನ್ ಮೊನಾಕ್ಸೈಡ್. ಹೊಗೆಯ ವಿಷವನ್ನು ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದು ಟರ್ಬೊದ ನಂತರ. ಬಿರುಕು ಇರುವುದು ಅದಕ್ಕೂ ಮೊದಲು. ಎಂದರೆ ಸೋರುವುದು ಶುದ್ಧಿಯಾಗದ ಹಸಿ ಅನಿಲ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುವ ಗಾಳಿಯಲ್ಲಿ ಇದು ಶೇ 0.1ರಷ್ಟು ಸೇರಿದರೂ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರಬಹುದು. ಕಾರಿನೊಳಗೆ ಹೊರಗಾಳಿಯನ್ನು ಎಳೆದುಕೊಳ್ಳುವ ಕಿಂಡಿ ಸಾಮಾನ್ಯವಾಗಿ ಬಾನೆಟ್ಟಿನ ಹಿಂಬದಿಯಲ್ಲಿ, ಮುಂದಿನ ಗಾಜಿನ ಬುಡದಲ್ಲಿಯೇ ಇರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮಾರ್ಪಡಿಸಿದ ಕಾರುಗಳಲ್ಲಿ ಇನ್ನೊಂದು ದಾರಿಯೂ ಇದೆ: ಟರ್ಬೊ ತುಂಬುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಗೇಜಿನ ಪೈಪು, ವೈರುಗಳನ್ನು ಒಳಗೆ ತರಲು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಗೆ ಕೊರೆದು, ಸಂದು ಮುಚ್ಚುವ ರಬ್ಬರ್ ಬಳೆ (ಗ್ರಾಮೆಟ್) ಹಾಕದೆ ಹಾಗೆಯೇ ಬಿಟ್ಟ ತೂತು. ನನ್ನ ಕಾರಿನಲ್ಲಿದ್ದುದು ಅದೇ. ಕಿರುಬೆರಳು ತೂರುವಷ್ಟು ಅಗಲವಾಗಿತ್ತು. ತಲೆನೋವು, ವಾಕರಿಕೆ, ಮಂಪರು ಕಾಣಿಸಿಕೊಂಡು, ಕಾರಿನಿಂದ ಇಳಿದ ಮೇಲೆ ತಾನಾಗಿಯೇ ಕಡಿಮೆಯಾದರೆ ಅದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕಬಾರದು. ಎಲ್ಲರೂ ತೆರೆದ ಗಾಳಿಗೆ ಬರಬೇಕು, ಪ್ರಜ್ಞೆ ಮಸುಕಾಗಿದ್ದರೆ 108ಕ್ಕೆ ಕರೆ ಮಾಡಬೇಕು.

ಎರಡನೆಯದು ಬೆಂಕಿ. ಸೀಳಿನಿಂದ ಚಿಮ್ಮುವ ಅನಿಲ ಸಣ್ಣ ಊದುಗೊಳವೆಯ ಜ್ವಾಲೆಯಂತೆ ಒಂದೇ ಜಾಗವನ್ನು ಬೇಯಿಸುತ್ತಿರುತ್ತದೆ. ಆ ಜಾಗದಲ್ಲಿ ಪ್ಲಾಸ್ಟಿಕ್ ಹೊದಿಕೆ, ವೈರಿಂಗ್, ಬ್ರೇಕ್ ಆಯಿಲ್ ಪೈಪು ಅಥವಾ ಟರ್ಬೊಗೆ ಆಯಿಲ್ ಒಯ್ಯುವ ಪೈಪು ಇದ್ದರೆ ಮುಂದಿನದನ್ನು ಊಹಿಸಬಹುದು. ಟರ್ಬೊದ ಶಕ್ತಿ ಕುಂದುವುದು, ಸೀಳಿನಿಂದ ಒಳಗೆ ಸೇರಿದ ಗಾಳಿಯಿಂದ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಮೋಸಹೋಗಿ ಹೆಚ್ಚು ಪೆಟ್ರೋಲ್ ಸುರಿಸುವುದು, ಮೈಲೇಜ್ ಇಳಿಯುವುದು ಇವೆಲ್ಲ ಜೇಬಿನ ನಷ್ಟಗಳು. ಆದರೆ ಸೀಳಿನ ಅಂಚಿನಿಂದ ಉದುರಿದ ಲೋಹದ ಚೂರು, ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೈನ್ ಚಕ್ರಕ್ಕೆ ಬಡಿದರೆ ಟರ್ಬೊ ಅಲ್ಲಿಗೆ ಮುಗಿಯಿತು.

ಪರೀಕ್ಷೆ ಹೀಗೆ ಮಾಡಬೇಕು. ಕಾರು ಕನಿಷ್ಠ ಒಂದು ರಾತ್ರಿ ನಿಂತು ಪೂರ್ತಿ ತಣ್ಣಗಾಗಿರಬೇಕು. ಇದರಲ್ಲಿ ರಾಜಿ ಬೇಡ, ಏಕೆಂದರೆ ಬಿಸಿಯೇರಿ ಹಿಗ್ಗಿದ ಲೋಹ ಸೀಳನ್ನು ಬಹುಮಟ್ಟಿಗೆ ತಾನೇ ಮುಚ್ಚಿ ಸದ್ದಡಗಿಸಿಬಿಡುತ್ತದೆ, ಆದರೆ ಸೋರಿಕೆ ಪೂರ್ತಿ ನಿಂತಿತು ಎಂದಲ್ಲ. ಗ್ಯಾರೇಜಿಗೆ ಓಡಿಸಿಕೊಂಡು ಹೋಗಿ ತೋರಿಸಿದಾಗ ಮೆಕ್ಯಾನಿಕ್ ಏನೂ ಇಲ್ಲ ಎನ್ನುವುದಕ್ಕೆ ಇದೇ ಕಾರಣ. ಕಾರನ್ನು ಹಿಂದಿನ ಸಂಜೆಯೇ ಅಲ್ಲಿ ಬಿಟ್ಟು ಬರುವುದು ಒಳ್ಳೆಯದು. ಬೆಳಿಗ್ಗೆ ಬಯಲಿನಲ್ಲಿ, ಶೆಡ್ಡಿನ ಒಳಗಲ್ಲ, ಬಾನೆಟ್ ತೆರೆದು ಸ್ಟಾರ್ಟ್ ಮಾಡಿಸಿ, ಒಂದು ಮೀಟರ್ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಯ ಬಳಿ ಹಿಡಿದು ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡಿನ ಉದ್ದಕ್ಕೂ, ಅದಕ್ಕೆ ತಾಗದಂತೆ ಸರಿಸುತ್ತಾ ಹೋದರೆ ಸದ್ದು ಎಲ್ಲಿ ಜೋರಾಗಿದೆ ಎಂಬುದು ತಿಳಿಯುತ್ತದೆ. ಸಡಿಲ ಬಟ್ಟೆ, ಕೈ, ಕೂದಲು ಬೆಲ್ಟಿನಿಂದ ದೂರವಿರಲಿ.

ಆಮೇಲೆ ಎಂಜಿನ್ ನಿಲ್ಲಿಸಿ, ಮತ್ತೆ ಆರಿದ ಮೇಲೆ ಶಾಖತಡೆ ತಗಡನ್ನು ಬಿಚ್ಚಿ ಟಾರ್ಚ್ ಬೆಳಕಿನಲ್ಲಿ ಮಸಿಯ ಗೆರೆಯನ್ನು ಹುಡುಕಬೇಕು. ಕವಲುಗಳು ಕೂಡುವ ಸಂದು, ಬೆಸುಗೆಯ ಅಂಚು, ಟರ್ಬೊ ಕೂರುವ ಚಪ್ಪಟೆ ಜೋಡುಮುಖ (ಫ್ಲ್ಯಾಂಜ್) ಇವು ಹೆಚ್ಚಾಗಿ ಒಡೆಯುವ ಜಾಗಗಳು. ಗೆರೆ ಕಾಣದಿದ್ದರೆ ಬ್ಲೋವರಿನ ಗಾಳಿಯನ್ನು ಸೈಲೆನ್ಸರ್ ಬಾಯಿಯಿಂದ ಮೆಲ್ಲಗೆ ಊದಿಸಿ, ಮ್ಯಾನಿಫೋಲ್ಡಿನ ಮೇಲೆ ಸೋಪಿನ ನೀರು ಸಿಂಪಡಿಸಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ನೋಡುವ ಉಪಾಯವೇ ಇದು. ಬಿಚ್ಚಿ ತೆಗೆದ ಮ್ಯಾನಿಫೋಲ್ಡಿಗೆ ಕೆಂಪು ಬಣ್ಣ ಮತ್ತು ಬಿಳಿ ಡೆವಲಪರ್ ಹಚ್ಚಿ ನೋಡುವ ಡೈ ಪೆನೆಟ್ರೆಂಟ್ ಪರೀಕ್ಷೆ ಎಲ್ಲಕ್ಕಿಂತ ಖಚಿತ; ಕಣ್ಣಿಗೆ ಕಾಣದ ಸೀಳು ಕೂಡ ಕೆಂಪು ಗೆರೆಯಾಗಿ ಮೇಲೆ ಬರುತ್ತದೆ.

ಬಿರುಕು ಸಿಕ್ಕಿತು, ವೆಲ್ಡಿಂಗ್ ಮಾಡಿಸಿದರೆ ಸಾಲದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೀಡನ್ನು ಬೆಸೆಯುವುದಾದರೆ ಸೀಳಿನ ಎರಡೂ ತುದಿಗೆ ಸಣ್ಣ ರಂಧ್ರ ಕೊರೆದು, ಇಡೀ ತುಂಡನ್ನು ಮೊದಲು ಕಾಯಿಸಿ, ನಿಕ್ಕಲ್ ರಾಡಿನಿಂದ ಸ್ವಲ್ಪ ಸ್ವಲ್ಪವೇ ಬೆಸೆದು, ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು. ಇಷ್ಟು ತಾಳ್ಮೆಯಿಂದ ಮಾಡಿದರೂ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುವುದುಂಟು. ಹೊಸ ಮ್ಯಾನಿಫೋಲ್ಡ್ ಸಿಗುವುದಾದರೆ ಹೊಸದನ್ನೇ ಹಾಕಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂ-ಸೀಲ್ ತರಹದ ಅಂಟುಗಳನ್ನು ಮೆತ್ತುವುದಂತೂ ಬೇಡವೇ ಬೇಡ. ಬಿಚ್ಚುವ ಹಿಂದಿನ ರಾತ್ರಿಯೇ ನಟ್ಟುಗಳಿಗೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟಿದ್ದರೆ ಸ್ಟಡ್ ಮುರಿಯುವ ತಾಪತ್ರಯ ತಪ್ಪುತ್ತದೆ. ಜೋಡಿಸುವಾಗ ಪ್ಯಾಕಿಂಗ್ ಮತ್ತು ನಟ್ಟುಗಳು ಹೊಸವಾಗಿರಲಿ. ಫ್ಲ್ಯಾಂಜಿನ ಮೇಲೆ ಉಕ್ಕಿನ ಪಟ್ಟಿಯಿಟ್ಟು ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜಿನಿಂದ ಸೊಟ್ಟ ಇದೆಯೇ ನೋಡಿ, ಇದ್ದರೆ ಮಷಿನ್ ಶಾಪಿನಲ್ಲಿ ಮೇಲ್ಮೈ ಸಮ ಮಾಡುವ ಫೇಸಿಂಗ್ ಮಾಡಿಸಬೇಕು. ನಡುವಿನಿಂದ ಆರಂಭಿಸಿ ಎರಡೂ ಬದಿಗೆ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು.

ಒಡೆದ ಕಾರಣ ಹಾಗೆಯೇ ಉಳಿದರೆ ಹೊಸದೂ ಒಡೆಯುತ್ತದೆ. ಟರ್ಬೊದ ಭಾರವನ್ನು ಎಂಜಿನ್ ಬ್ಲಾಕಿಗೆ ಹೊರಿಸುವ ಬ್ರಾಕೆಟ್ ಇದೆಯೇ, ಟರ್ಬೊದಿಂದ ಕೆಳಗಿಳಿಯುವ ಪೈಪಿನಲ್ಲಿ ನಡುಕಕ್ಕೆ ಬಾಗಿಕೊಡುವ ಸುಕ್ಕುಕೊಳವೆ (ಬೆಲ್ಲೋ) ಇದೆಯೇ, ಎಂಜಿನ್ ಮೌಂಟಿಂಗ್ ಸವೆದಿದೆಯೇ ಎಂಬುದನ್ನು ಅದೇ ದಿನ ನೋಡಿಸಬೇಕು, ಗೋಡೆಯ ತೂತುಗಳಿಗೆ ಗ್ರಾಮೆಟ್ ಹಾಕಿಸಬೇಕು. ರೀಮ್ಯಾಪನ್ನು ಮೂಲಕ್ಕೆ ಮರಳಿಸಿದರೆ ಇನ್ನೂ ಒಳ್ಳೆಯದು. ನಾನು ಹಾಗೆಯೇ ಮಾಡಿದೆ. ಕಾನೂನೂ ಇದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿವರಗಳು ಬದಲಾಗುವಂತಹ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಬೆಂಕಿ ಅನಾಹುತದ ಕ್ಲೇಮಿಗೆ ಅಡ್ಡಬರಬಹುದು. ಹೆದ್ದಾರಿಯಲ್ಲಿ ವೇಗವಾಗಿ ಬಂದು ನಿಂತ ಮೇಲೆ ಒಂದೆರಡು ನಿಮಿಷ ಎಂಜಿನ್ ಐಡಲ್‌ನಲ್ಲಿರಲಿ, ಬಿಸಿ ಎಂಜಿನ್ನಿಗೆ ನೀರು ಸುರಿಯುವುದು ಬೇಡ.

ಜೋಡಣೆ ಮುಗಿದ ದಿನ ಕಿಟಕಿಗಳನ್ನು ಇಳಿಸಿಕೊಂಡು ದಾವಣಗೆರೆಯಿಂದ ಹರಿಹರದವರೆಗೆ ಒಮ್ಮೆ ಹೋಗಿಬಂದು, ಕಾರನ್ನು ರಾತ್ರಿ ಹಾಗೆಯೇ ಬಿಡಿ. ಮರುದಿನ ಬೆಳಿಗ್ಗೆ ಬಾನೆಟ್ ತೆರೆದು, ಅದೇ ರಬ್ಬರ್ ಪೈಪನ್ನು ಕಿವಿಗೆ ಹಿಡಿದು, ಯಾರಾದರೊಬ್ಬರಿಂದ ಸ್ಟಾರ್ಟ್ ಮಾಡಿಸಿ ಕೇಳಿ.